ಫ್ರಾಂಜ್ ಬಾಪ್

ಫ್ರಾಂಜ್ ಬಾಪ್ (14 ಸೆಪ್ಟೆಂಬರ್ 1791 – 23 ಅಕ್ಟೋಬರ್ 1867) ಜರ್ಮನಿಯ ಭಾಷಾವಿಜ್ಞಾನಿ ಹಾಗೂ ಸಂಸ್ಕೃತ ವಿದ್ವಾಂಸ. ಇಂಡೋ-ಯುರೋಪಿಯನ್ ಭಾಷೆಗಳ ತೌಲನಿಕ ವ್ಯಾಕರಣಕ್ಕೆ ಅಡಿಪಾಯ ಹಾಕಿದವರಲ್ಲಿ ಈತ ಪ್ರಮುಖ. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಪ್ರಾಧ್ಯಾಪಕನಾಗಿದ್ದ. ಸಂಸ್ಕೃತದೊಂದಿಗೆ ಲಿಥುವೇನಿಯನ್ ಭಾಷೆಯನ್ನು ಹೋಲಿಸಿ ಅವುಗಳ ಬಾಂಧವ್ಯವನ್ನು ವಿವರವಾಗಿ ನಿರೂಪಿಸಿದ ಈತ, ಮುಂದೆ ಕಾಕಸಸ್ ಪ್ರದೇಶದ ಜಾರ್ಜಿಯನ್ ಭಾಷೆಯೂ ಅದೇ ಪರಿವಾರಕ್ಕೆ ಸೇರಿದುದೆಂದು ವಾದಿಸಿದ. ಮೊದಲನೆಯ ನಿರ್ಣಯ ಇಂದಿಗೂ ಸ್ಥಿರವಾಗಿ ನಿಂತಿದೆ. ಎರಡನೆಯದನ್ನು ವಿದ್ವಾಂಸರು ತಳ್ಳಿಹಾಕಿದ್ದಾರೆ. ಭಾಷೆಗಳ ನಡುವಿನ ಹೋಲಿಕೆ ಯಾವಾಗ ಬಾಂಧವ್ಯಕ್ಕೆ ಪ್ರಮಾಣವಾಗುತ್ತದೆ ಎಂಬ ಪ್ರಶ್ನೆಗೆ ಈ ಎರಡು ಪ್ರಯತ್ನಗಳು ಒಳ್ಳೆಯ ನಿದರ್ಶನಗಳಾಗಿವೆ.

ಜನನ ಮತ್ತು ವಿದ್ಯಾಭ್ಯಾಸ

ಬಾಪ್ ಹುಟ್ಟಿದ್ದು ರೈನ್ ನದಿಯ ದಡದ ಮೈನ್ಸ್ ನಗರದಲ್ಲಿ. ಫ್ರಾನ್ಸಿನ ಕ್ರಾಂತಿಯ ಬೆನ್ನಲ್ಲೇ ಆ ಪ್ರದೇಶದಲ್ಲಿ ಉಂಟಾದ ರಾಜಕೀಯ ಕ್ಷೋಭೆಯಿಂದಾಗಿ ಈತನ ತಂದೆತಾಯಿಗಳು ಬವೇರಿಯದ ಆಶಾಫೆನ್‌ಬುರ್ಗ್‌ಗೆ ಹೋಗಿ ನೆಲೆಸಿದರು. ಅಲ್ಲಿನ ಶಾಲೆಯಲ್ಲಿ ಬಾಪ್‌ನ ವಿದ್ಯಾಭ್ಯಾಸ ನಡೆಯಿತು. ಅಧ್ಯಾಪಕ ಕಾರ್ಲ್ ಯೋಸೆಫ್ ವಿಂಡಿಷ್‌ಮನ್‌ನ ಪ್ರಭಾವದಿಂದ ಪೌರ್ವಾತ್ಯ ಭಾಷೆಗಳಲ್ಲಿ ಆಸಕ್ತಿ ಮೂಡಿತು. 1808ರಲ್ಲಿ ಫ್ರೀಡ್ರಿಕ್ ಶ್ಲೇಗೆಲ್ ಭಾರತೀಯರ ಭಾಷೆ ಮತ್ತು ಜ್ಞಾನವನ್ನು ಕುರಿತು ಪ್ರಕಟಿಸಿದ ಗ್ರಂಥ ಜರ್ಮನಿಯ ತರುಣರಲ್ಲಿ ಸಂಸ್ಕೃತದ ಬಗ್ಗೆ ಕುತೂಹಲ ಕೆರಳಿಸಿದ್ದ ಕಾಲವದು.

ಅದಕ್ಕೂ ಮೊದಲು, 1786ರಲ್ಲಿ, ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸೂಚಿಸಿದ್ದ. ಆದರೆ ಆ ಸೂಚನೆಯನ್ನು ಪದಪದವಾಗಿ, ಪ್ರತ್ಯಯ ಪ್ರತ್ಯಯವಾಗಿ ಪರೀಕ್ಷಿಸುವ ಕೆಲಸ ಇನ್ನೂ ಆಗಬೇಕಾಗಿತ್ತು.

ಪ್ಯಾರಿಸ್ ವಾಸ

ಯುರೋಪಿನಲ್ಲಿ ಸಂಸ್ಕೃತದ ಹಸ್ತಪ್ರತಿಗಳು ಹೇರಳವಾಗಿ ದೊರೆಯುತ್ತಿದ್ದ ಕೆಲವೇ ಸ್ಥಳಗಳಲ್ಲಿ ಪ್ಯಾರಿಸಿನ ಗ್ರಂಥಾಲಯ ಒಂದು. ಬಾಪ್ 1812ರಲ್ಲಿ ಅಲ್ಲಿಗೆ ತೆರಳಿದ. ಸಿಲ್ವೆಸ್ತ್ರ ದ ಸಾಸಿಯ ಬಳಿ ಅರಬ್ಬಿ ಮತ್ತು ಪಾರಸಿ ಭಾಷೆಗಳನ್ನು ಅಭ್ಯಸಿಸಿದ. ಅಂತ್ವಾನ್ ಲಿಯೊನಾರ್ ದ ಶೆಜಿ ಆಗ ಪ್ಯಾರಿಸಿನಲ್ಲಿ ಸಂಸ್ಕೃತ ಬಲ್ಲವನಾಗಿದ್ದ. ಆದರೂ ಬಾಪ್ ಸಂಸ್ಕೃತವನ್ನು ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಕಲಿತನೆನ್ನಬಹುದು. ಚಾರ್ಲ್ಸ್ ವಿಲ್ಕಿನ್ಸ್ 1808ರಲ್ಲಿ ಪ್ರಕಟಿಸಿದ್ದ ವ್ಯಾಕರಣದಂಥ ಕೆಲವೇ ಮುದ್ರಿತ ಸಾಧನಗಳು ಆಗ ಲಭ್ಯವಿದ್ದವು. ನೆಪೋಲಿಯನ್ನನ ಯುದ್ಧಗಳಿಂದ ಯುರೋಪು ತತ್ತರಿಸುತ್ತಿದ್ದ ಆ ವರ್ಷಗಳಲ್ಲಿ ಬವೇರಿಯದ ದೊರೆಯ ಧನಸಹಾಯ ಈತನ ಅಧ್ಯಯನಕ್ಕೆ ಆಸರೆಯಾಯಿತು.

1816ರ ಗ್ರಂಥ

ಸಂಸ್ಕೃತದ ಕ್ರಿಯಾಪದ ವ್ಯವಸ್ಥೆಯನ್ನು ಗ್ರೀಕ್, ಲ್ಯಾಟಿನ್, ಪಾರಸಿ ಮತ್ತು ಜರ್ಮಾನಿಕ್ ಭಾಷೆಗಳ ಕ್ರಿಯಾಪದಗಳೊಡನೆ ಹೋಲಿಸಿ ಬಾಪ್ ಬರೆದ ಗ್ರಂಥ 1816ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಪ್ರಕಟವಾಯಿತು. ಇದಕ್ಕೆ ಮುನ್ನುಡಿ ಬರೆದವನು ಗುರು ವಿಂಡಿಷ್‌ಮನ್. ಆಗ ಬಾಪ್‌ನಿಗೆ 25 ವರ್ಷವೂ ತುಂಬಿರಲಿಲ್ಲ. ರಾಮಾಯಣ ಮತ್ತು ಮಹಾಭಾರತಗಳಿಂದ ಆಯ್ದ ಕೆಲವು ಪ್ರಸಂಗಗಳ ಅನುವಾದವೂ ಇದೇ ಗ್ರಂಥದಲ್ಲಿತ್ತು.

ಶಬ್ದಗಳ ಸಾಮ್ಯವನ್ನು ಪಟ್ಟಿ ಮಾಡುವುದಷ್ಟೇ ಬಾಪ್‌ನ ಉದ್ದೇಶವಾಗಿರಲಿಲ್ಲ. ಒಂದು ಭಾಷೆ ಇನ್ನೊಂದರಿಂದ ಶಬ್ದಗಳನ್ನು ಎರವಲು ಪಡೆಯುವುದು ಸಾಮಾನ್ಯ. ಆದರೆ ಕ್ರಿಯಾಪದದ ಪುರುಷ, ವಚನ, ಕಾಲಗಳನ್ನು ಸೂಚಿಸುವ ಪ್ರತ್ಯಯಗಳ ಇಡೀ ವ್ಯವಸ್ಥೆ ಹಾಗೆ ಸುಲಭವಾಗಿ ಕೈ ಬದಲಾಯಿಸುವುದಿಲ್ಲ. ಆದ್ದರಿಂದ ಬಾಂಧವ್ಯದ ಪರೀಕ್ಷೆಗೆ ವ್ಯಾಕರಣದ ಪ್ರತ್ಯಯಗಳೇ ತಕ್ಕ ಸ್ಥಳವೆಂಬುದು ಈತನ ಕ್ರಮದ ತಿರುಳು.

ಇದೇ 1816ರಲ್ಲಿ ಮದರಾಸಿನಲ್ಲಿ ಫ್ರಾನ್ಸಿಸ್ ವೈಟ್ ಎಲ್ಲಿಸ್, ಕ್ಯಾಂಬೆಲ್‌ನ ತೆಲುಗು ವ್ಯಾಕರಣಕ್ಕೆ ಬರೆದ ಪ್ರಬಂಧದಲ್ಲಿ, ತಮಿಳು, ತೆಲುಗು, ಕನ್ನಡ ಮೊದಲಾದವು ಸಂಸ್ಕೃತದಿಂದ ಹುಟ್ಟದ ಪ್ರತ್ಯೇಕ ಭಾಷಾವರ್ಗವೆಂದು ತೋರಿಸಿದ. ಎರಡು ಭಾಷಾ ಪರಿವಾರಗಳ ಶಾಸ್ತ್ರೀಯ ಅಧ್ಯಯನ ಹೀಗೆ ಒಂದೇ ವರ್ಷದಲ್ಲಿ ಮೊದಲಾಯಿತು.

ಲಂಡನ್ ಮತ್ತು ಬರ್ಲಿನ್

ಪ್ಯಾರಿಸಿನ ಅನಂತರ ಬಾಪ್ ಲಂಡನ್ನಿನಲ್ಲಿ ಅಧ್ಯಯನ ಮುಂದುವರಿಸಿದ. ಭಾರತದಲ್ಲಿ ಸೇವೆ ಸಲ್ಲಿಸಿ ಮರಳಿದ್ದ ವಿಲ್ಕಿನ್ಸ್ ಮತ್ತು ಕೋಲ್‌ಬ್ರೂಕ್ ಅವರ ಪರಿಚಯ ಅಲ್ಲಿ ಲಭಿಸಿತು. ಪ್ರಷ್ಯದ ರಾಯಭಾರಿಯಾಗಿ ಲಂಡನ್ನಿನಲ್ಲಿದ್ದ ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್‌ಗೆ ಬಾಪ್ ಸಂಸ್ಕೃತ ಕಲಿಸಿದ. 1819ರಲ್ಲಿ ಮಹಾಭಾರತದ ನಳೋಪಾಖ್ಯಾನವನ್ನು ಲ್ಯಾಟಿನ್ ಅನುವಾದದೊಂದಿಗೆ ಸಂಪಾದಿಸಿ ಪ್ರಕಟಿಸಿದ. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಸಂಸ್ಕೃತ ಕಲಿಯಲು ತೊಡಗಿದವರಿಗೆ ಈ ಪುಸ್ತಕ ಬಹುಕಾಲ ಪಠ್ಯವಾಗಿತ್ತು. 1820ರಲ್ಲಿ ತನ್ನ ಮೊದಲ ಗ್ರಂಥದ ವಿಷಯವನ್ನು ಪರಿಷ್ಕರಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿದ.

ಹುಂಬೋಲ್ಟ್‌ನ ಬೆಂಬಲದಿಂದ 1821ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಈತನಿಗೆ ಹುದ್ದೆ ದೊರೆಯಿತು. 1822ರಲ್ಲಿ ಪ್ರಷ್ಯದ ರಾಯಲ್ ಅಕಾಡೆಮಿಯ ಸದಸ್ಯನಾದ. 1825ರಲ್ಲಿ ಪೂರ್ಣ ಪ್ರಾಧ್ಯಾಪಕನಾದ. ಸಂಸ್ಕೃತ ವ್ಯಾಕರಣವನ್ನು ಕುರಿತು ಜರ್ಮನ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಹಲವು ಗ್ರಂಥಗಳನ್ನೂ ಒಂದು ಸಂಸ್ಕೃತ ಶಬ್ದಕೋಶವನ್ನೂ ರಚಿಸಿದ. ಅರ್ಜುನನ ಇಂದ್ರಲೋಕಗಮನ, ಸಾವಿತ್ರಿಯ ಉಪಾಖ್ಯಾನ ಮೊದಲಾದ ಮಹಾಭಾರತದ ಭಾಗಗಳನ್ನು ಸಂಪಾದಿಸಿದ. ಮುಂದೆ ಆಕ್ಸ್‌ಫರ್ಡಿನಲ್ಲಿ ಹೆಸರಾದ ಮ್ಯಾಕ್ಸ್ ಮುಲ್ಲರ್ 1844ರಲ್ಲಿ ಬರ್ಲಿನ್ನಿಗೆ ಬಂದು ಬಾಪ್‌ನ ಉಪನ್ಯಾಸಗಳನ್ನು ಕೇಳಿದ್ದ.

ತೌಲನಿಕ ವ್ಯಾಕರಣ

ಬಾಪ್‌ನ ಮೇರುಕೃತಿಯಾದ ತೌಲನಿಕ ವ್ಯಾಕರಣ 1833ರಿಂದ 1852ರವರೆಗೆ ಆರು ಭಾಗಗಳಲ್ಲಿ ಹೊರಬಂದಿತು. ಸಂಸ್ಕೃತ, ಅವೆಸ್ತಾದ ಭಾಷೆ, ಗ್ರೀಕ್, ಲ್ಯಾಟಿನ್, ಲಿಥುವೇನಿಯನ್, ಗೋಥಿಕ್ ಮತ್ತು ಜರ್ಮನ್ ಭಾಷೆಗಳನ್ನು ಇದರಲ್ಲಿ ಜೊತೆಜೊತೆಯಾಗಿ ಪರಿಶೀಲಿಸಲಾಗಿದೆ. ಪ್ರಾಚೀನ ಸ್ಲಾವಿಕ್ ಭಾಷೆ ಅನಂತರದ ಭಾಗಗಳಲ್ಲಿ ಸೇರಿತು. ಆರ್ಮೇನಿಯನ್ ಎರಡನೆಯ ಆವೃತ್ತಿಯಲ್ಲಿ ಸೇರಿತು. ಈಸ್ಟ್‌ವಿಕ್ ಇದನ್ನು ಇಂಗ್ಲಿಷಿಗೂ ಮಿಶೆಲ್ ಬ್ರೆಯಾಲ್ ಫ್ರೆಂಚಿಗೂ ಅನುವಾದಿಸಿದರು. ಜರ್ಮನಿಯಲ್ಲಿ ಬಳಕೆಯಲ್ಲಿದ್ದ ಇಂಡೋ-ಜರ್ಮಾನಿಕ್ ಎಂಬ ಹೆಸರಿಗಿಂತ ಇಂಡೋ-ಯುರೋಪಿಯನ್ ಎಂಬ ಹೆಸರೇ ಬಾಪ್‌ನಿಗೆ ಒಪ್ಪಿಗೆಯಾಗಿತ್ತು.

ಲಿಥುವೇನಿಯನ್ ಭಾಷೆಯ ಹೋಲಿಕೆ

1816ರ ಗ್ರಂಥದ ಶೀರ್ಷಿಕೆಯಲ್ಲಿ ಇಲ್ಲದ ಲಿಥುವೇನಿಯನ್ ಭಾಷೆ 1833ರ ಗ್ರಂಥದಲ್ಲಿ ಗ್ರೀಕ್, ಲ್ಯಾಟಿನ್‌ಗಳ ಸಾಲಿನಲ್ಲಿ ಕಾಣಿಸಿಕೊಂಡಿತು. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲೇ ಬಾಲ್ಟಿಕ್ ಭಾಷೆಗಳಿಗೂ ಗ್ರೀಕ್, ಜರ್ಮಾನಿಕ್‌ಗಳಿಗೂ ಇರುವ ನಂಟನ್ನು ಗಮನಿಸಿದ್ದ. ಬಾಪ್ ಆ ಭಾಷೆಯ ವಿಭಕ್ತಿ ಮತ್ತು ಕ್ರಿಯಾಪದ ರೂಪಗಳನ್ನು ಸಂಸ್ಕೃತದ ರೂಪಗಳ ಪಕ್ಕದಲ್ಲಿಟ್ಟು ತೋರಿಸಿದ.

ಲಿಥುವೇನಿಯನ್ ಬಾಲ್ಟಿಕ್ ಸಮುದ್ರದ ಪೂರ್ವ ತೀರದ ಭಾಷೆ. ಅದರ ಮೊದಲ ಮುದ್ರಿತ ಪುಸ್ತಕ ಬಂದುದು 1547ರಲ್ಲಿ. ಬಾಪ್‌ನ ಕಾಲಕ್ಕೆ ಅದು ಬಹುಪಾಲು ರೈತರ ಆಡುಮಾತಾಗಿತ್ತು. ಆದರೂ ಅದರ ಪದರೂಪಗಳು ಸಂಸ್ಕೃತ ಬಲ್ಲವರಿಗೆ ಕೂಡಲೇ ಪರಿಚಿತವೆನಿಸುತ್ತವೆ. ಸಂಸ್ಕೃತದ ವೃಕಃ (ತೋಳ) ಅಲ್ಲಿ ವಿಲ್ಕಸ್, ಸೂನುಃ (ಮಗ) ಸೂನುಸ್, ಅಗ್ನಿಃ ಉಗ್ನಿಸ್, ಅವಿಃ (ಕುರಿ) ಅವಿಸ್, ಧೂಮಃ ದೂಮಸ್, ಮಧು ಮೆದುಸ್. ಅಸ್ಮಿ, ಅಸ್ತಿ ಎಂಬ ಕ್ರಿಯಾಪದಗಳಿಗೆ ಹಳೆಯ ಲಿಥುವೇನಿಯನ್ನಿನಲ್ಲಿ ಎಸ್ಮಿ, ಎಸ್ತಿ ಎಂಬ ರೂಪಗಳಿವೆ. ಕೊಡುವೆನು ಎಂಬರ್ಥದ ಸಂಸ್ಕೃತದ ದಾಸ್ಯಾಮಿಗೆ ಲಿಥುವೇನಿಯನ್ನಿನ ದುವೊಸ್ಯು ಸರಿಹೊಂದುತ್ತದೆ. ಭವಿಷ್ಯತ್ಕಾಲದ ಸಕಾರ ಎರಡರಲ್ಲೂ ಒಂದೇ ಸ್ಥಾನದಲ್ಲಿದೆ.

ಈ ಸಾಮ್ಯಗಳು ಬಿಡಿಬಿಡಿಯಾದವಲ್ಲ. ಸಂಸ್ಕೃತದ ಧಕಾರವಿರುವಲ್ಲಿ ಲಿಥುವೇನಿಯನ್ನಿನಲ್ಲಿ ದಕಾರ ಬರುತ್ತದೆ ಎಂಬುದಕ್ಕೆ ಧೂಮ–ದೂಮಸ್, ಮಧು–ಮೆದುಸ್ ಜೋಡಿಗಳು ಸಾಕ್ಷಿ. ಋಕಾರದ ಸ್ಥಾನದಲ್ಲಿ ಇಲ್ ಅಥವಾ ಇರ್ ಬರುವುದನ್ನು ವೃಕ–ವಿಲ್ಕಸ್, ಮೃತಿ–ಮಿರ್ತಿಸ್ (ಮರಣ) ಜೋಡಿಗಳು ತೋರಿಸುತ್ತವೆ. ಸಂಸ್ಕೃತದ ಶತಮ್, ದಶ ಎಂಬವು ಅಲ್ಲಿ ಶಿಮ್ತಸ್, ದೆಶಿಮ್ತ್ ಆಗುತ್ತವೆ. ಒಂದು ಧ್ವನಿ ಹೀಗೆ ಇನ್ನೊಂದಕ್ಕೆ ನಿಯತವಾಗಿ ಸಂವಾದಿಯಾಗಿ ನಿಲ್ಲುವುದು ಆಕಸ್ಮಿಕವಾಗಿ ಸಾಧ್ಯವಿಲ್ಲ. ಏಳು ವಿಭಕ್ತಿಗಳು, ಉಪಭಾಷೆಗಳಲ್ಲಿ ಉಳಿದುಬಂದ ದ್ವಿವಚನ, ನಾಮಪದದ ಲಿಂಗವ್ಯವಸ್ಥೆ ಇವೆಲ್ಲವೂ ಈ ಬಾಂಧವ್ಯವನ್ನು ಸಮರ್ಥಿಸುತ್ತವೆ.

ಜಾರ್ಜಿಯನ್ ಭಾಷೆಯ ಹೋಲಿಕೆ

ತೌಲನಿಕ ವ್ಯಾಕರಣದ ಯಶಸ್ಸಿನ ಅನಂತರ ಬಾಪ್ ಪರಿವಾರದ ಎಲ್ಲೆಗಳನ್ನು ವಿಸ್ತರಿಸಲು ತೊಡಗಿದ. ಕೆಲ್ಟಿಕ್ ಭಾಷೆಗಳನ್ನು ಕುರಿತು 1830ರ ದಶಕದ ಕೊನೆಯಲ್ಲಿ ಈತ ಮಂಡಿಸಿದ ಪ್ರಬಂಧ ಅವುಗಳಿಗೆ ಇಂಡೋ-ಯುರೋಪಿಯನ್ ಪರಿವಾರದಲ್ಲಿ ಸ್ಥಾನ ಗಟ್ಟಿಯಾಗಲು ನೆರವಾಯಿತು. ಇದೇ ಉತ್ಸಾಹದಲ್ಲಿ ಈತನ ದೃಷ್ಟಿ ಕಾಕಸಸ್ ಪರ್ವತಪ್ರದೇಶದತ್ತ ಹರಿಯಿತು.

ಈ ನಿರೀಕ್ಷೆ ನಿರಾಧಾರವಾಗಿರಲಿಲ್ಲ. ಕಾಕಸಸ್ ಪ್ರದೇಶದ ಒಸ್ಸೆಟಿಕ್ ಭಾಷೆ ಇರಾನಿ ಶಾಖೆಗೆ ಸೇರಿದುದು. ನೆರೆಯ ಆರ್ಮೇನಿಯನ್ ಕೂಡ ಇಂಡೋ-ಯುರೋಪಿಯನ್ ಭಾಷೆಯೇ. ಮಾರಿ ಫೆಲಿಸಿತೆ ಬ್ರೊಸ್ಸೆ 1830ರ ದಶಕದಲ್ಲಿ ಜಾರ್ಜಿಯನ್ ವ್ಯಾಕರಣಗಳನ್ನು ಪ್ರಕಟಿಸಿದ್ದ. 1840ರ ದಶಕದಲ್ಲಿ ಗಿಯೋರ್ಗ್ ರೋಸೆನ್ ಜಾರ್ಜಿಯನ್ನಿನ ಬಂಧುವಾದ ಲಾಜ್ ಭಾಷೆಯನ್ನು ವಿವರಿಸಿದ. ಹೊಸ ಸಾಮಗ್ರಿ ಹೀಗೆ ಬರ್ಲಿನ್ ತಲುಪುತ್ತಿತ್ತು. 1847ರಲ್ಲಿ ಬಾಪ್ ಇಂಡೋ-ಯುರೋಪಿಯನ್ ಪರಿವಾರದ ಕಾಕಸಸ್ ಸದಸ್ಯರನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ. ಜಾರ್ಜಿಯನ್ ಮತ್ತು ಅದರ ಬಂಧುಭಾಷೆಗಳ ರೂಪಗಳು ಸಂಸ್ಕೃತ ರೂಪಗಳಿಗೆ ಸಂಬಂಧಿಸಿದವೆಂಬುದು ಅದರ ಪ್ರತಿಪಾದನೆ.

ಜಾರ್ಜಿಯನ್ನಿಗೆ ಲಿಥುವೇನಿಯನ್ನಿಗಿಂತ ಸಾವಿರ ವರ್ಷಗಳಷ್ಟು ಹಳೆಯ ಬರಹದ ಪರಂಪರೆಯಿದೆ. ಅದರ ಶಾಸನಗಳು ಕ್ರಿ.ಶ. 5ನೆಯ ಶತಮಾನದವರೆಗೆ ಹಿಂದಕ್ಕೆ ಹೋಗುತ್ತವೆ. ಆದರೆ ಬರಹದ ಪ್ರಾಚೀನತೆ ಬಾಂಧವ್ಯದ ಪ್ರಶ್ನೆಯನ್ನು ಬಗೆಹರಿಸಲಾರದು. ಒಂದರಿಂದ ಐದರವರೆಗಿನ ಸಂಖ್ಯೆಗಳು ಜಾರ್ಜಿಯನ್ನಿನಲ್ಲಿ ಎರ್ತಿ, ಒರಿ, ಸಮಿ, ಒತ್ಖಿ, ಖುತಿ. ಲಿಥುವೇನಿಯನ್ನಿನಲ್ಲಿ ಎರಡರಿಂದ ಐದರವರೆಗೆ ದು, ತ್ರೀಸ್, ಕೆತುರಿ, ಪೆಂಕಿ. ಇವು ಸಂಸ್ಕೃತದ ದ್ವಿ, ತ್ರಿ, ಚತುರ್, ಪಂಚಗಳಿಗೆ ಸರಿಹೊಂದುತ್ತವೆ. ಜಾರ್ಜಿಯನ್ನಿನ ಸಂಖ್ಯಾಕ್ರಮದ ತಳಹದಿಯೂ ಬೇರೆ. ಅಲ್ಲಿ ಇಪ್ಪತ್ತು (ಒತ್ಸಿ) ಎಣಿಕೆಯ ಘಟಕ. ನಲವತ್ತಕ್ಕೆ ಎರಡು ಇಪ್ಪತ್ತು, ಅರವತ್ತಕ್ಕೆ ಮೂರು ಇಪ್ಪತ್ತು ಎನ್ನುತ್ತಾರೆ. ಮೂವತ್ತೆಂದರೆ ಇಪ್ಪತ್ತು ಮತ್ತು ಹತ್ತು.

ಕ್ರಿಯಾಪದದ ರಚನೆಯಲ್ಲಿ ಅಂತರ ಇನ್ನೂ ಸ್ಪಷ್ಟ. ಸಂಸ್ಕೃತ ಮತ್ತು ಲಿಥುವೇನಿಯನ್ನಿನಲ್ಲಿ ಕ್ರಿಯಾಪದದ ಕೊನೆಯ ಪ್ರತ್ಯಯ ಕರ್ತೃವನ್ನು ಮಾತ್ರ ಸೂಚಿಸುತ್ತದೆ. ಜಾರ್ಜಿಯನ್ ಕ್ರಿಯಾಪದ ಕರ್ಮವನ್ನೂ ತನ್ನೊಳಗೆ ಸೂಚಿಸಬಲ್ಲದು, ಅದೂ ಹಲವು ವೇಳೆ ಧಾತುವಿನ ಹಿಂದೆ ಬರುವ ಪೂರ್ವಪ್ರತ್ಯಯದಿಂದ. ಗ್‌ಖೆದವ್ ಎಂಬ ಒಂದೇ ಪದಕ್ಕೆ ನಾನು ನಿನ್ನನ್ನು ನೋಡುತ್ತೇನೆ ಎಂದೂ ಮ್‌ಖೆದವ್ಸ್ ಎಂಬುದಕ್ಕೆ ಅವನು ನನ್ನನ್ನು ನೋಡುತ್ತಾನೆ ಎಂದೂ ಅರ್ಥ. ಕೆಲವು ಭೂತಕಾಲದ ರೂಪಗಳೊಡನೆ ಕರ್ತೃವಿಗೆ ಪ್ರತ್ಯೇಕ ವಿಭಕ್ತಿ ಬರುತ್ತದೆ. ನಾಮಪದಗಳಿಗೆ ಲಿಂಗಭೇದವಿಲ್ಲ.

ಬಿಡಿ ಸಾಮ್ಯಗಳು ಇಲ್ಲವೆಂದಲ್ಲ. ಜಾರ್ಜಿಯನ್ನಿನ ಷಷ್ಠೀ ವಿಭಕ್ತಿಯ ಇಸ್ ಎಂಬ ಪ್ರತ್ಯಯ ಇಂಡೋ-ಯುರೋಪಿಯನ್ ಭಾಷೆಗಳ ಸಕಾರಾಂತ ಷಷ್ಠಿಯನ್ನು ನೆನಪಿಸುತ್ತದೆ. ಆದರೆ ಅದು ಸೇರುವ ಬಗೆ ಬೇರೆ. ಮನೆ ಎಂಬರ್ಥದ ಸಖ್ಲಿ ಪದದ ಷಷ್ಠೀ ಏಕವಚನ ಸಖ್ಲಿಸ್; ಬಹುವಚನದಲ್ಲಿ ಎಬ್ ಎಂಬ ಪ್ರತ್ಯಯ ಮಧ್ಯೆ ಸೇರಿ ಸಖ್ಲೆಬಿಸ್ ಆಗುತ್ತದೆ. ಲಿಥುವೇನಿಯನ್ನಿನಲ್ಲಿ ವಚನ ಮತ್ತು ವಿಭಕ್ತಿಗಳನ್ನು ಒಂದೇ ಪ್ರತ್ಯಯ ಬೇರ್ಪಡಿಸಲಾಗದಂತೆ ಸೂಚಿಸುತ್ತದೆ: ವಿಲ್ಕೊ ಎಂದರೆ ತೋಳದ, ವಿಲ್ಕೂ ಎಂದರೆ ತೋಳಗಳ. ಮನೆ ಎಂಬುದಕ್ಕೆ ಗಳ್ ಸೇರಿ, ಅದರ ಮೇಲೆ ಷಷ್ಠಿಯ ಅಕಾರ ಸೇರಿ ಮನೆಗಳ ಎಂದಾಗುವ ಕನ್ನಡದ ಕ್ರಮಕ್ಕೆ ಜಾರ್ಜಿಯನ್ನಿನ ಕ್ರಮ ಹತ್ತಿರವಾಗಿದೆ. ಅಷ್ಟರಿಂದ ಕನ್ನಡಕ್ಕೂ ಜಾರ್ಜಿಯನ್ನಿಗೂ ಬಾಂಧವ್ಯ ಸಿದ್ಧಿಸುವುದಿಲ್ಲ.

ಎರಡು ಹೋಲಿಕೆಗಳ ತಾರತಮ್ಯ

ಲಿಥುವೇನಿಯನ್ನಿನ ವಿಷಯದಲ್ಲಿ ಬಾಪ್ ಯಶಸ್ವಿಯಾದುದಕ್ಕೂ ಜಾರ್ಜಿಯನ್ನಿನ ವಿಷಯದಲ್ಲಿ ಎಡವಿದುದಕ್ಕೂ ಕಾರಣ ಈತನ ಕ್ರಮದಲ್ಲೇ ಇದೆ. ಪ್ರತ್ಯಯಗಳ ವಿಶ್ಲೇಷಣೆಯಲ್ಲಿ ಅಸಾಧಾರಣ ನಿಪುಣನಾಗಿದ್ದ ಬಾಪ್, ಧ್ವನಿ ಪರಿವರ್ತನೆಯ ನಿಯಮಗಳಿಗೆ ಯಾಕೋಬ್ ಗ್ರಿಮ್ ಅಥವಾ ರಾಸ್ಕ್ ಕೊಟ್ಟಷ್ಟು ಮಹತ್ತ್ವವನ್ನು ಕೊಡಲಿಲ್ಲ. ನಿಯಮದ ಹಿಡಿತವಿಲ್ಲದಿದ್ದಲ್ಲಿ ಒಂದೆರಡು ಅಕ್ಷರಗಳ ಪ್ರತ್ಯಯವನ್ನು ಬೇರೆ ಯಾವುದೋ ಭಾಷೆಯ ಪ್ರತ್ಯಯದಿಂದ ಸಾಧಿಸಿ ತೋರಿಸುವುದು ಕಷ್ಟವಲ್ಲ. ಲಿಥುವೇನಿಯನ್ನಿನಲ್ಲಿ ಸಾಕ್ಷ್ಯ ತಾನಾಗಿಯೇ ಬಲವಾಗಿದ್ದುದರಿಂದ ಈ ಕೊರತೆ ಬಾಧಕವಾಗಲಿಲ್ಲ. ಜಾರ್ಜಿಯನ್ನಿನಲ್ಲಿ ಅದೇ ಕೊರತೆ ಇಡೀ ವಾದವನ್ನು ಸಡಿಲಗೊಳಿಸಿತು. ಮಲಯ-ಪಾಲಿನೇಷಿಯನ್ ಭಾಷೆಗಳನ್ನೂ ಇಂಡೋ-ಯುರೋಪಿಯನ್ನಿಗೆ ಸೇರಿಸಲು 1840ರ ಸುಮಾರಿಗೆ ಬಾಪ್ ನಡೆಸಿದ ಪ್ರಯತ್ನವೂ ಹೀಗೆಯೇ ವಿಫಲವಾಯಿತು.

ಪದಸಾಮ್ಯ ದಾರಿ ತಪ್ಪಿಸಬಹುದೆಂಬುದಕ್ಕೆ ಜಾರ್ಜಿಯನ್ನಿನಲ್ಲೇ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಲ್ಲಿ ಮಾಮಾ ಎಂದರೆ ತಂದೆ, ದೆದಾ ಎಂದರೆ ತಾಯಿ. ಎರವಲು ಪದಗಳೂ ಬಾಂಧವ್ಯದ ಭ್ರಮೆ ಹುಟ್ಟಿಸುತ್ತವೆ. ಕನ್ನಡದಲ್ಲಿ ಸಂಸ್ಕೃತದ ಪದಗಳು ಅಪಾರವಾಗಿದ್ದರೂ ಅದು ದ್ರಾವಿಡ ಭಾಷೆಯೇ.

ಜಾರ್ಜಿಯನ್, ಸ್ವಾನ್, ಮಿಂಗ್ರೇಲಿಯನ್ ಮತ್ತು ಲಾಜ್ ಭಾಷೆಗಳು ಕಾರ್ಟ್ವೇಲಿಯನ್ ಎಂಬ ಸ್ವತಂತ್ರ ಪರಿವಾರಕ್ಕೆ ಸೇರಿದವೆಂದು ಇಂದು ಒಪ್ಪಲಾಗಿದೆ. ಇಂಡೋ-ಯುರೋಪಿಯನ್ ಮತ್ತು ಕಾರ್ಟ್ವೇಲಿಯನ್ ಪರಿವಾರಗಳ ನಡುವೆ ಪ್ರಾಚೀನ ಕಾಲದಲ್ಲಿ ಸಂಪರ್ಕವಿದ್ದು ಕೆಲವು ಪದಗಳು ವಿನಿಮಯವಾಗಿರಬಹುದೆಂದು ವಿದ್ವಾಂಸರು ಭಾವಿಸಿದ್ದಾರೆ. ಬಾಪ್ ಗಮನಿಸಿದಂಥ ಸಾಮ್ಯಗಳಲ್ಲಿ ಕೆಲವಕ್ಕೆ ಇಂಥ ಸಂಪರ್ಕವೂ ಹಲವಕ್ಕೆ ಆಕಸ್ಮಿಕವೂ ಕಾರಣವಾಗಿರಬಹುದು.

ಲಿಥುವೇನಿಯನ್ನಿನ ಅಧ್ಯಯನ ಬಾಪ್‌ನ ಕೆಲವು ಊಹೆಗಳನ್ನೂ ತಿದ್ದಿತು. ಸಂಸ್ಕೃತದ ಅಕಾರವೇ ಮೂಲವೆಂದೂ ಇತರ ಭಾಷೆಗಳ ಎಕಾರ, ಒಕಾರಗಳು ಅದರಿಂದ ಅನಂತರ ಹುಟ್ಟಿದವೆಂದೂ ಆ ಕಾಲದಲ್ಲಿ ನಂಬಿಕೆಯಿತ್ತು. 1870ರ ದಶಕದ ಕೊನೆಯಲ್ಲಿ ಈ ನಂಬಿಕೆ ಬಿದ್ದುಹೋಯಿತು. ಲಿಥುವೇನಿಯನ್ನಿನ ಕೆತುರಿ ಎಂಬುದರಲ್ಲಿರುವ ಎಕಾರವೇ ಹಳೆಯದು. ಆ ಸ್ವರದ ಪ್ರಭಾವದಿಂದ ಹಿಂದಿನ ಕಕಾರ ಸಂಸ್ಕೃತದಲ್ಲಿ ಚಕಾರವಾಗಿ, ಬಳಿಕ ಎಕಾರ ಅಕಾರವಾಗಿ ಚತುರ್ ಎಂಬ ರೂಪ ಬಂದಿದೆ.

ಕೊನೆಯ ದಿನಗಳು

1850ರ ದಶಕದಲ್ಲಿ ಬಾಪ್ ಲಿಥುವೇನಿಯನ್ನಿನ ಬಂಧುವೂ ಆ ವೇಳೆಗೆ ಅಳಿದುಹೋಗಿದ್ದುದೂ ಆದ ಪ್ರಾಚೀನ ಪ್ರಷ್ಯನ್ ಭಾಷೆಯನ್ನೂ ಅಲ್ಬೇನಿಯನ್ ಭಾಷೆಯನ್ನೂ ಕುರಿತು ಪ್ರಬಂಧಗಳನ್ನು ಬರೆದ. ಅಲ್ಬೇನಿಯನ್ ಇಂಡೋ-ಯುರೋಪಿಯನ್ ಭಾಷೆಯೆಂಬ ನಿರ್ಣಯ ಉಳಿದುಬಂದಿದೆ. 1866ರ ಮೇ 16ರಂದು, ಮೊದಲ ಗ್ರಂಥದ 50ನೆಯ ವರ್ಷದ ಸಂದರ್ಭದಲ್ಲಿ, ಸಂಸ್ಕೃತ ಮತ್ತು ತೌಲನಿಕ ವ್ಯಾಕರಣದ ಅಧ್ಯಯನಕ್ಕೆ ನೆರವಾಗಲು ಈತನ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಲಾಯಿತು. ಮರುವರ್ಷ ಅಕ್ಟೋಬರ್ 23ರಂದು ಬಾಪ್ ಬರ್ಲಿನ್ನಿನಲ್ಲಿ ನಿಧನನಾದ.

ಪ್ರಭಾವ

ಬಾಪ್‌ನ ಅನಂತರ ಭಾಷೆಗಳ ಬಾಂಧವ್ಯದ ಅಧ್ಯಯನ ಹೆಚ್ಚು ಕಟ್ಟುನಿಟ್ಟಾಯಿತು. ಆಗುಸ್ಟ್ ಶ್ಲೈಖರ್ 1852ರಲ್ಲಿ ಪ್ರಷ್ಯದ ಲಿಥುವೇನಿಯನ್ ಪ್ರದೇಶಕ್ಕೆ ಹೋಗಿ ರೈತರ ಬಾಯಿಂದಲೇ ಭಾಷೆಯನ್ನು ಕೇಳಿ ದಾಖಲಿಸಿದ. 1856–57ರಲ್ಲಿ ಲಿಥುವೇನಿಯನ್ ಕೈಪಿಡಿಯನ್ನು ಪ್ರಕಟಿಸಿದ. ಲೈಪ್‌ಜಿಗ್‌ನ ಲೆಸ್ಕೀನ್, ಬ್ರುಗ್‌ಮನ್ ಮೊದಲಾದವರು ಧ್ವನಿ ನಿಯಮಗಳಿಗೆ ಅಪವಾದವಿಲ್ಲವೆಂಬ ತತ್ತ್ವವನ್ನು ಎತ್ತಿಹಿಡಿದರು. ಜಾರ್ಜಿಯನ್ ಭಾಷೆಯನ್ನು ಹ್ಯೂಗೋ ಶುಖಾರ್ಟ್ ಮೊದಲಾದವರು ಸಂಸ್ಕೃತದ ಅಚ್ಚಿಗೆ ಹೊಂದಿಸದೆ ಅದರ ಸ್ವಂತ ರಚನೆಯನ್ನೇ ಆಧರಿಸಿ ಪರಿಶೀಲಿಸಿದರು.

ಭಾರತದಲ್ಲಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ. ಪ್ರತ್ಯಯಗಳನ್ನು ಸಾಲಾಗಿ ಜೋಡಿಸಿ ಹೋಲಿಸುವ ಕ್ರಮ ಅದರ ಮೂಲಕ ಕನ್ನಡದ ಅಧ್ಯಯನಕ್ಕೂ ಬಂದಿತು. ಬಾಪ್‌ನ ಜಾರ್ಜಿಯನ್ ಪ್ರತಿಪಾದನೆ ತಪ್ಪೆಂದು ತೋರಿಸಲು ವಿದ್ವಾಂಸರು ಬಳಸಿದ ಸಾಧನವೂ ಈತನೇ ರೂಪಿಸಿದ ತೌಲನಿಕ ಕ್ರಮದ ಪರಿಷ್ಕೃತ ರೂಪವೇ ಆಗಿತ್ತು.